ಯರವಡಾದಿಂದ ಬಳ್ಳಾರಿಗೆ ಎಷ್ಟು ದೂರ?

ಪುಣೆಯಿಂದ ಬಳ್ಳಾರಿಗೆ ಎಷ್ಟು ದೂರವೆಂದು ಕೇಳಿದರೆ ನಮ್ಮವರಲ್ಲಿ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಾರೆ. ಸೊಲ್ಲಾಪುರ, ವಿಜಯಪುರ, ಹೊಸಪೇಟೆಯ ಮೇಲಿನಿಂದ ರಸ್ತೆ ಹಿಡಿದು ಹೋದವರಿಗೆ ಅದು ಆರುನೂರು ಕಿಲೋಮೀಟರಿಗೆ ಮಿಕ್ಕಿದ ದಾರಿ. ಮಿರಜ, ಬೆಳಗಾವಿ, ಲೋಂಡಾ, ಹುಬ್ಬಳ್ಳಿ, ಗದಗ ಎಂದು ರೈಲಿನಲ್ಲಿ ಸುತ್ತಿಕೊಂಡು ಹೋದವರಿಗೆ ಏಳುನೂರೈವತ್ತನ್ನೂ ಮೀರಿದ್ದು. ಮೀಟರ್ ಗೇಜ್ ಗಾಡಿಯ ಕಾಲವನ್ನು ಕಂಡ ಹಿರಿಯರು ಕಿಲೋಮೀಟರಿನ ಗೋಜಿಗೇ ಹೋಗುವುದಿಲ್ಲ. ಎಷ್ಟು ಬುತ್ತಿ ಕಟ್ಟಿಕೊಳ್ಳಬೇಕಾಗುತ್ತಿತ್ತು ಎಂಬುದರ ಮೇಲೆ ದೂರವನ್ನು ಹೇಳುತ್ತಾರೆ. ಇವರಲ್ಲಿ ಯಾರ ಉತ್ತರವೂ ಸುಳ್ಳಲ್ಲ. ಆದರೆ ಈ ಎಲ್ಲ ಉತ್ತರಗಳಿಗಿಂತ ಬೇರೆಯಾದ, ಇಂದು ಬಹುಮಟ್ಟಿಗೆ ಮರೆತುಹೋದ ಇನ್ನೊಂದು ಉತ್ತರವಿದೆ. ಅದು ‘ಮೂರು ಗಂಟೆ’. ಜೆಟ್ ವಿಮಾನಗಳ ಕಾಲದ ಮಾತಲ್ಲ ಇದು, 1930ರ ದಶಕದ ಮೊದಲ ವರ್ಷಗಳ ಮಾತು.

ಸರ್ಕಾರಿ ನೌಕರಿಯಲ್ಲಿರುವವರಿಗೆ ಪ್ರಯಾಣ ಭತ್ಯೆಯ ನಿಯಮಗಳು ಗೊತ್ತೇ ಇರುತ್ತವೆ. ಅತ್ಯಂತ ಹತ್ತಿರದ ಮಾರ್ಗವೆಂದರೆ ಯಾವುದು ಎಂಬುದಕ್ಕೆ ಅಲ್ಲಿ ಒಂದು ಸೊಗಸಾದ ವ್ಯಾಖ್ಯೆ ಇದೆ: ಸಾಮಾನ್ಯ ಸಾಧನಗಳಿಂದ ಅತಿ ಬೇಗ ಮುಟ್ಟಬಹುದಾದ ಮಾರ್ಗವೇ ಹತ್ತಿರದ ಮಾರ್ಗ. ಎಂದೋ ಬಿಳಿಯ ಅಧಿಕಾರಿಗಳ ಕಾಲದಲ್ಲಿ ಬರೆದ ಈ ವಾಕ್ಯಕ್ಕೆ ದೊಡ್ಡ ಅರ್ಥವಿದೆ. ದೂರವನ್ನು ಭೂಮಿಯ ಮೇಲೆ ಅಳೆಯುವುದಲ್ಲ, ಗಡಿಯಾರದ ಮೇಲೆ ಅಳೆಯುವುದು. ಗಡಿಯಾರ ಮಾತ್ರ ಕಾಲಕಾಲಕ್ಕೆ ಬದಲಾಗುತ್ತದೆ. ಯಾವ ಊರು ಯಾವ ಊರಿಗೆ ಹತ್ತಿರ ಎಂಬುದೂ ಅದರೊಡನೆ ಬದಲಾಗುತ್ತದೆ. ಬಳ್ಳಾರಿಯ ವಿಮಾನಗಳ ಕಥೆ ಇದಕ್ಕೆ ಒಳ್ಳೆಯ ನಿದರ್ಶನ.

ಟಪಾಲಿನ ದಾರಿ

ಲಂಡನ್ನಿನಿಂದ ಕರಾಚಿಗೆ ಇಂಪೀರಿಯಲ್ ಏರ್‌ವೇಸ್ ಕಂಪನಿಯ ವಾರದ ವಿಮಾನ ಸಂಚಾರ ಆರಂಭವಾದದ್ದು 1929ರಲ್ಲಿ. ಇಂಗ್ಲೆಂಡಿನ ಕಾಗದ ಸುಮಾರು ಒಂದು ವಾರದಲ್ಲಿ ಕರಾಚಿಗೆ ಬಂದಿಳಿಯುತ್ತಿತ್ತು. ಮುಂದೆ ಮುಂಬಯಿ, ಮದರಾಸುಗಳಿಗೆ ಅದು ರೈಲಿನಲ್ಲೇ ಹೋಗಬೇಕು. ಸಮುದ್ರವನ್ನೂ ಮರುಭೂಮಿಯನ್ನೂ ಹಾರಿ ಬಂದ ಪತ್ರ ನಮ್ಮ ನಾಡಿನೊಳಗೆ ಬಂದ ಮೇಲೆ ಗಾಡಿಯ ವೇಗಕ್ಕೆ ಇಳಿಯುತ್ತಿತ್ತು. ಈ ಕೊರತೆಯನ್ನು ನೀಗಿಸಬಹುದೆಂದು ಯೋಚಿಸಿದವನು ನೆವಿಲ್ ವಿನ್ಸೆಂಟ್ ಎಂಬ ವೈಮಾನಿಕ. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ, ಬ್ರಿಟಿಷ್ ವಾಯುಪಡೆಯಲ್ಲಿ ಪಳಗಿ, 1929ರಲ್ಲಿ ಭಾರತಕ್ಕೆ ಬಂದು ಊರೂರಿನಲ್ಲಿ ವಿಮಾನ ಪ್ರದರ್ಶನ ಕೊಡುತ್ತಿದ್ದವನು ಆತ. ಅವನ ಯೋಜನೆ ಜೆ. ಆರ್. ಡಿ. ಟಾಟಾ ಅವರಿಗೆ ಹಿಡಿಸಿತು. ಹಿರಿಯರಾದ ಸರ್ ದೊರಾಬ್ಜಿ ಟಾಟಾ ಎರಡು ಲಕ್ಷ ರೂಪಾಯಿ ಹೂಡಲು ಒಪ್ಪಿದರು. 1932ರ ಏಪ್ರಿಲಿನಲ್ಲಿ ಸರ್ಕಾರದೊಡನೆ ಕರಾರಾಯಿತು. ಸಹಾಯಧನವೇನೂ ಇರಲಿಲ್ಲ. ಹೊತ್ತ ಟಪಾಲಿನ ತೂಕಕ್ಕೆ ತಕ್ಕಷ್ಟು ಹಣ ಮಾತ್ರ.

1932ರ ಅಕ್ಟೋಬರ್ 15ರಂದು ಬೆಳಿಗ್ಗೆ 6 ಗಂಟೆ 35 ನಿಮಿಷಕ್ಕೆ ಜೆ. ಆರ್. ಡಿ. ಟಾಟಾ ಕರಾಚಿಯ ಡ್ರಿಗ್ ರೋಡ್ ನಿಲ್ದಾಣದಿಂದ ಪಸ್ ಮಾತ್ ಎಂಬ ಚಿಕ್ಕ ವಿಮಾನದಲ್ಲಿ ಹೊರಟರು. ಜೊತೆಯಲ್ಲಿ 55 ಪೌಂಡ್ ಟಪಾಲು. ಒಂದೇ ಎಂಜಿನ್, ರೇಡಿಯೋ ಇಲ್ಲ. ದಾರಿ ತೋರಲು ದಿಕ್ಸೂಚಿ, ನಕ್ಷೆ ಮತ್ತು ಕೆಳಗೆ ಕಾಣುವ ರೈಲು ಹಳಿ, ನದಿಗಳು ಮಾತ್ರ. ಅಹಮದಾಬಾದಿನಲ್ಲಿ ಇಳಿದಾಗ ಪೆಟ್ರೋಲು ಎತ್ತಿನ ಗಾಡಿಯಲ್ಲಿ, ಡಬ್ಬಿಗಳಲ್ಲಿ ಬಂದಿತ್ತು. ಮಧ್ಯಾಹ್ನ 1 ಗಂಟೆ 50 ನಿಮಿಷಕ್ಕೆ ಅವರು ಮುಂಬಯಿಯ ಜುಹು ಬಯಲಿಗೆ ಇಳಿದರು. ಅಲ್ಲಿಂದ ಮುಂದಕ್ಕೆ ದಕ್ಷಿಣದ ಟಪಾಲನ್ನು ಎತ್ತಿಕೊಂಡು ಇನ್ನೊಂದು ಪಸ್ ಮಾತ್‌ನಲ್ಲಿ ಹೊರಟವನು ವಿನ್ಸೆಂಟ್. ಅವನು ಮದರಾಸು ಮುಟ್ಟಿದ್ದು ಮರುದಿನ, ಅಕ್ಟೋಬರ್ 16ರಂದು. ನಡುವಿನ ರಾತ್ರಿಯ ವಸತಿ ಬಳ್ಳಾರಿಯಲ್ಲಿ. ಭಾರತದ ವಿಮಾನ ಸಾರಿಗೆಯ ಇತಿಹಾಸ ಬರೆಯುವವರು ಕರಾಚಿ, ಮುಂಬಯಿಗಳನ್ನು ಮರೆಯದೆ ಹೇಳುತ್ತಾರೆ. ಆ ಮೊದಲ ಟಪಾಲು ಕನ್ನಡದ ನೆಲದಲ್ಲಿ ಒಂದು ರಾತ್ರಿ ತಂಗಿತ್ತೆಂಬುದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ.

ಬಳ್ಳಾರಿಯೇ ಏಕೆ?

ಇದಕ್ಕೆ ಉತ್ತರ ನಕ್ಷೆಯಲ್ಲೇ ಇದೆ. ಜುಹುವಿನಿಂದ ಮದರಾಸಿಗೆ ನೇರ ಗೆರೆ ಎಳೆದರೆ ಸುಮಾರು 1,035 ಕಿ.ಮೀ. ಆಗುತ್ತದೆ. ಆ ಕಾಲದ ಚಿಕ್ಕ ವಿಮಾನ ಇಷ್ಟನ್ನು ಒಂದೇ ಉಸಿರಿಗೆ ಹಾರಲಾರದು. ನಡುವೆ ಒಂದು ಕಡೆ ಇಳಿಯಲೇಬೇಕು. ಜುಹುವಿನಿಂದ ಬಳ್ಳಾರಿ ಸುಮಾರು 613 ಕಿ.ಮೀ., ಬಳ್ಳಾರಿಯಿಂದ ಮದರಾಸು ಸುಮಾರು 430 ಕಿ.ಮೀ. ಎರಡನ್ನೂ ಕೂಡಿಸಿದರೆ ನೇರ ಗೆರೆಗಿಂತ ಹತ್ತು ಕಿಲೋಮೀಟರು ಕೂಡ ಹೆಚ್ಚಾಗುವುದಿಲ್ಲ. ಅಂದರೆ ಮುಂಬಯಿ–ಮದರಾಸು ದಾರಿಗೆ ಬಳ್ಳಾರಿ ಹೆಚ್ಚುಕಡಿಮೆ ದಾರಿಯ ಮೇಲೆಯೇ ಇತ್ತು. ಜೊತೆಗೆ ಅದು ಘಟ್ಟದ ಮಳೆಯಿಂದ ದೂರವಾದ ಒಣ ಬಯಲು ಸೀಮೆ. ದಂಡಿನ ಊರು. ರೈಲಿನ ಸೌಕರ್ಯವಿದ್ದುದರಿಂದ ಪೆಟ್ರೋಲಿನ ಡಬ್ಬಿಗಳನ್ನು ತಂದಿಡುವುದು ಕಷ್ಟವಲ್ಲ.

ಇನ್ನು ಹಗಲಿನ ಲೆಕ್ಕ. ಪಸ್ ಮಾತ್ ವಿಮಾನದ ನಡೆ ಗಂಟೆಗೆ ಸುಮಾರು ನೂರು ಮೈಲಿ, ಎಂದರೆ 160 ಕಿ.ಮೀ. ಎಂದು ಹಿಡಿಯೋಣ. ಇದು ಸರಿಯೇ ಎಂದು ಟಾಟಾ ಅವರ ಪ್ರಯಾಣದಿಂದಲೇ ತಾಳೆ ನೋಡಬಹುದು. ಕರಾಚಿ–ಅಹಮದಾಬಾದು–ಜುಹು ಸೇರಿ ಸುಮಾರು 1,035 ಕಿ.ಮೀ. ಇದಕ್ಕೆ ಆರೂವರೆ ಗಂಟೆ ಹಿಡಿಯುತ್ತದೆ. ಅಹಮದಾಬಾದಿನಲ್ಲಿ ಮುಕ್ಕಾಲು ಗಂಟೆ ಸೇರಿಸಿದರೆ ಏಳೂಕಾಲು ಗಂಟೆ. ಅವರಿಗೆ ಹಿಡಿದದ್ದೂ ಅಷ್ಟೇ. ಈಗ ಮುಂದಿನ ದಾರಿ ನೋಡಿರಿ. ಜುಹುವಿನಿಂದ ಬಳ್ಳಾರಿಗೆ 613 ಕಿ.ಮೀ. ಎಂದರೆ ಮೂರು ಗಂಟೆ ಐವತ್ತು ನಿಮಿಷ. ಮಧ್ಯಾಹ್ನ ಎರಡರ ನಂತರ ಬಿಟ್ಟರೆ ಬಳ್ಳಾರಿಗೆ ಬರುವಷ್ಟರಲ್ಲಿ ಸಂಜೆ ಆರು. ಅಕ್ಟೋಬರ್ ನಡುವಿನಲ್ಲಿ ಬಳ್ಳಾರಿಯಲ್ಲಿ ಸೂರ್ಯ ಮುಳುಗುವುದೂ ಆರರ ಆಜುಬಾಜು. ನೆಲದ ಮೇಲೆ ದೀಪವಿಲ್ಲ, ರಾತ್ರಿ ಹಾರುವಂತಿಲ್ಲ. ಕರಾಚಿಯಲ್ಲಿ ನಸುಕಿನಲ್ಲಿ ಆರಂಭವಾದ ಹಗಲು ಬಳ್ಳಾರಿಯಲ್ಲಿ ಮುಗಿಯುತ್ತಿತ್ತು. ಊರಿನ ಭಾಗ್ಯವನ್ನು ಸೂರ್ಯನೇ ಬರೆದಂತಾಯಿತು.

ಮಳೆಗಾಲದ ಪುಣೆ

ಪುಣೆ ಈ ಕಥೆಯೊಳಗೆ ಬರುವುದು ಮಳೆಯ ಕಾರಣದಿಂದ. ಜುಹುವಿನ ಬಯಲು ಸಮುದ್ರದ ಮಗ್ಗುಲಲ್ಲೇ ಇದ್ದದ್ದು. ಮುಂಗಾರು ಹಿಡಿಯಿತೆಂದರೆ ಅದು ಕೆಸರು ಗದ್ದೆ. ಮೇಲೆ ಭರತದ ನೀರು. ಆಗ ಟಾಟಾ ಕಂಪನಿ ತನ್ನ ಸಂಸಾರವನ್ನೆಲ್ಲ ಕಟ್ಟಿಕೊಂಡು ಪುಣೆಗೆ ಬರುತ್ತಿತ್ತು. ಸಂಸಾರವಾದರೂ ಎಷ್ಟು? ಎರಡು ವಿಮಾನ, ಮೂವರು ಪೈಲಟ್‌ಗಳು, ಮೂವರು ಮೆಕ್ಯಾನಿಕ್‌ಗಳು. ಯರವಡಾ ಜೈಲಿನ ನೆರಳಿನಲ್ಲಿ ಅವರೇ ಒಂದು ಬಯಲನ್ನು ಹದಮಾಡಿಕೊಂಡಿದ್ದರು. ಟಾಟಾ ಅವರು ಎಷ್ಟೋ ವರ್ಷಗಳ ಮೇಲೆ ಇದನ್ನು ಒಂದು ಭಾಷಣದಲ್ಲಿ ನಗುತ್ತ ನೆನೆದಿದ್ದಾರೆ. ಇಂದಿನ ಲೋಹಗಾಂವ್ ನಿಲ್ದಾಣ ಆಗ ಇರಲಿಲ್ಲ. ಅದು ವಾಯುಪಡೆಗಾಗಿ ಎದ್ದದ್ದು 1939ರಲ್ಲಿ.

ಆ ಜೈಲಿನಲ್ಲಿ ಆಗ ಯಾರಿದ್ದರೆಂಬುದನ್ನೂ ನೆನೆಯಬೇಕು. ಮೊದಲ ಟಪಾಲು ಹಾರುವುದಕ್ಕೆ ಮೂರು ವಾರ ಮೊದಲು, 1932ರ ಸೆಪ್ಟೆಂಬರ್ 24ರಂದು ಪುಣೆ ಒಪ್ಪಂದವಾಯಿತು. ಯರವಡಾದಲ್ಲಿ ಉಪವಾಸ ಕೈಕೊಂಡಿದ್ದ ಗಾಂಧೀಜಿ ಅಲ್ಲಿಂದ ಬಿಡುಗಡೆಯಾದದ್ದು 1933ರ ಮೇ 8ರಂದು. ಬಳ್ಳಾರಿಯಲ್ಲೂ ಆಲಿಪುರಂ ಜೈಲು ಸ್ವಾತಂತ್ರ್ಯ ಹೋರಾಟಗಾರರನ್ನು ಕಂಡ ಸ್ಥಳವೇ. ದೇಶದ ಎರಡು ಚಿಕ್ಕ ವಿಮಾನ ಬಯಲುಗಳಿಗೆ ಒಂದೊಂದು ಜೈಲಿನ ನೆರೆ. ದೇಶ ಬಂಧನದಲ್ಲಿದ್ದ ಕಾಲದಲ್ಲಿ ಪತ್ರಗಳು ಹಾರಲು ಕಲಿಯುತ್ತಿದ್ದವು.

ಜುಹುವಿನ ಬದಲು ಯರವಡಾ ಎಂದಾಗ ಬಳ್ಳಾರಿಯ ದಾರಿ ನೂರಿಪ್ಪತ್ತು ಕಿಲೋಮೀಟರಿನಷ್ಟು ಮೊಟಕಾಗುತ್ತದೆ. ಘಟ್ಟ ದಾಟುವ ಕಷ್ಟ ಇತ್ತಕಡೆ ತಪ್ಪಿ, ಅಹಮದಾಬಾದಿನ ಕಡೆಯ ಹಾರಾಟಕ್ಕೆ ವರ್ಗವಾಗುತ್ತದೆ. ಮೋಡ ಮುಚ್ಚಿದ ಸಹ್ಯಾದ್ರಿಯನ್ನು ಕಣ್ಣಳತೆಯ ಮೇಲೆ ದಾಟುವುದು ಆಟದ ಮಾತಲ್ಲ. ಆದರೂ 1933–34ರ ಸಾಲಿನ ನಾಗರಿಕ ವಿಮಾನಯಾನ ಇಲಾಖೆಯ ವರದಿ ಈ ಸಣ್ಣ ಕಂಪನಿಯನ್ನು ಮನಸಾರೆ ಹೊಗಳಿತು. ಮಳೆಗಾಲದ ಪಶ್ಚಿಮ ಘಟ್ಟದ ಮೇಲೆಯೂ ಒಂದು ಸಲವೂ ಕರಾಚಿಯ ಸಂಪರ್ಕ ತಪ್ಪಲಿಲ್ಲ, ಮದರಾಸಿಗೆ ಟಪಾಲು ತಡವಾಗಲಿಲ್ಲ, ಸಮಯಪಾಲನೆ ನೂರಕ್ಕೆ ನೂರು ಎಂಬುದು ಅದರ ಸಾರಾಂಶ. ಮೊದಲ ವರ್ಷದ ಲೆಕ್ಕ ಹೀಗಿತ್ತು: 1,60,000 ಮೈಲಿ ಹಾರಾಟ, 155 ಪ್ರಯಾಣಿಕರು, ಹತ್ತು ಟನ್ನಿಗೂ ಮಿಕ್ಕಿದ ಟಪಾಲು, 60,000 ರೂಪಾಯಿ ಲಾಭ.

ಗೆರೆ ಎಳೆದು ನೋಡಿದರೆ

ಈಗ ನಮ್ಮ ಪ್ರಶ್ನೆಗೆ ಬರೋಣ. ಯರವಡಾದಿಂದ ಬಳ್ಳಾರಿಗೆ ಗಾಳಿಯ ದಾರಿ ಎಷ್ಟು? ಶಾಲೆಗೆ ಹೋಗುವ ಮಕ್ಕಳೂ ಇದನ್ನು ಬಿಡಿಸಬಹುದು. ಯರವಡಾ ಸುಮಾರು 18.56 ಅಕ್ಷಾಂಶ, 73.89 ರೇಖಾಂಶದಲ್ಲಿದೆ. ಬಳ್ಳಾರಿ 15.16 ಅಕ್ಷಾಂಶ, 76.88 ರೇಖಾಂಶದಲ್ಲಿದೆ. ಅಕ್ಷಾಂಶದ ವ್ಯತ್ಯಾಸ 3.4 ಡಿಗ್ರಿ. ಡಿಗ್ರಿಗೆ 110.7 ಕಿ.ಮೀ. ಹಿಡಿದರೆ ದಕ್ಷಿಣಕ್ಕೆ 376 ಕಿ.ಮೀ. ರೇಖಾಂಶದ ವ್ಯತ್ಯಾಸ 2.99 ಡಿಗ್ರಿ. ನಮ್ಮ ಸೀಮೆಯಲ್ಲಿ ಒಂದು ಡಿಗ್ರಿ ರೇಖಾಂಶಕ್ಕೆ ಸುಮಾರು 106.5 ಕಿ.ಮೀ., ಆದ್ದರಿಂದ ಪೂರ್ವಕ್ಕೆ 318 ಕಿ.ಮೀ. ಇವೆರಡೂ ಲಂಬಕೋನ ತ್ರಿಕೋನದ ಎರಡು ಭುಜಗಳು. ಕರ್ಣ 493 ಕಿ.ಮೀ. ಇಷ್ಟು ಅಂತರದಲ್ಲಿ ಭೂಮಿ ಗುಂಡಗಿರುವುದರಿಂದ ಬರುವ ವ್ಯತ್ಯಾಸ ಲೆಕ್ಕಕ್ಕಿಲ್ಲ. ಗಂಟೆಗೆ 160 ಕಿ.ಮೀ. ನಡೆಯ ವಿಮಾನಕ್ಕೆ ಗಾಳಿಯಿಲ್ಲದ ದಿನ ಇದು ಮೂರು ಗಂಟೆ ಐದು ನಿಮಿಷದ ದಾರಿ.

ಆದರೆ ಮಳೆಗಾಲದಲ್ಲಿ ಗಾಳಿಯಿಲ್ಲದ ದಿನವೆಲ್ಲಿ? ಪಡುವಣ ಗಾಳಿ ಗಂಟೆಗೆ 40 ಕಿ.ಮೀ. ಬೀಸುತ್ತಿದೆ ಎಂದು ಇಟ್ಟುಕೊಳ್ಳಿರಿ. ಆಗ್ನೇಯಕ್ಕೆ ಹೋಗುವ ವಿಮಾನಕ್ಕೆ ಅದು ಹಿಂದಿನಿಂದ ತುಸು ನೂಕುತ್ತದೆ, ಮಗ್ಗುಲಿಗೂ ತಳ್ಳುತ್ತದೆ. ಮೂತಿಯನ್ನು ಗಾಳಿಯ ಕಡೆ ಒಂದಿಷ್ಟು ತಿರುಗಿಸಿಕೊಂಡೇ ಹಾರಬೇಕು. ಎಲ್ಲವನ್ನೂ ಹಿಡಿದು ಲೆಕ್ಕ ಹಾಕಿದರೆ ನೆಲದ ಮೇಲಿನ ವೇಗ ಹೋಗುವಾಗ 183, ಬರುವಾಗ 131. ಹೋಗಲು ಎರಡು ಗಂಟೆ ನಲವತ್ತೆರಡು ನಿಮಿಷ. ಮರಳಿ ಬರಲು ಮೂರು ಗಂಟೆ ನಲವತ್ತೈದು ನಿಮಿಷ. ಅದೇ ಎರಡು ಊರು, ಅದೇ ಗೆರೆ. ಆದರೂ ಬಳ್ಳಾರಿಯಿಂದ ಪುಣೆ ಇರುವಷ್ಟು ದೂರ ಪುಣೆಯಿಂದ ಬಳ್ಳಾರಿ ಇಲ್ಲ! ಆ ಒಂದು ಗಂಟೆಯ ವ್ಯತ್ಯಾಸವೇ ಪೈಲಟ್‌ಗೆ ಪೆಟ್ರೋಲಿನ, ಹಗಲಿನ, ಕೆಲವೊಮ್ಮೆ ಪ್ರಾಣದ ಪ್ರಶ್ನೆ.

ಇದೇ ಗೆರೆಯ ಕೆಳಗೆ ಯಾವ ಯಾವ ಊರುಗಳಿವೆ ಎಂದು ನೋಡಿದರೆ ನಮ್ಮ ನಾಡಿನ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ. ವೈಮಾನಿಕರು ಹಳಿ, ಹೊಳೆ ನೋಡಿಕೊಂಡು ಆಚೀಚೆ ಸರಿದಿರಬಹುದು. ನಕ್ಷೆಯ ಗೆರೆಯಂತೂ ಹೀಗೆ ಹೋಗುತ್ತದೆ. ಪುಣೆ ಬಿಟ್ಟ ಮೇಲೆ ಫಲಟಣ, ಅದು ಆಗ ಒಂದು ಸಂಸ್ಥಾನ. ಮುಂದೆ ಜತ್ತ, ಅದೂ ಒಂದು ಸಂಸ್ಥಾನ. ಅಲ್ಲಿಂದಲೇ ಕೆಳಗಿನ ಹಳ್ಳಿಗಳ ಮಾತು ಕನ್ನಡವಾಗುತ್ತದೆ. ನಂತರ ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆ. ಎಡಕ್ಕೆ ಸುಮಾರು ಮೂವತ್ತು ಕಿಲೋಮೀಟರಿನ ಮೇಲೆ ಗೋಳಗುಮ್ಮಟ. ಆಲಮಟ್ಟಿಯ ಬಳಿ ಕೃಷ್ಣೆಯನ್ನು ದಾಟಬೇಕು. ಅಣೆಕಟ್ಟಿನ ಮಾತು ಆಗ ಇರಲಿಲ್ಲ, ಬರಿಯ ಹೊಳೆ. ಮುಂದೆ ಕುಷ್ಟಗಿ, ಗಂಗಾವತಿ ಸೀಮೆ ನಿಜಾಮರ ರಾಯಚೂರು ಜಿಲ್ಲೆಗೆ ಸೇರಿದ್ದು. ಕಂಪ್ಲಿಯ ಹತ್ತಿರ ತುಂಗಭದ್ರೆಯನ್ನು ದಾಟಿದೊಡನೆ ಮದರಾಸು ಪ್ರಾಂತ್ಯದ ಬಳ್ಳಾರಿ.

ಮೂರು ಗಂಟೆಯ ಹಾರಾಟದಲ್ಲಿ ಕನ್ನಡದ ನೆಲ ನಾಲ್ಕು ಒಡೆಯರ ಕೈಯಲ್ಲಿ ಕಾಣುತ್ತದೆ. ಕಾನೂನು ಬೇರೆ, ಕಂದಾಯ ಬೇರೆ, ಶಾಲೆಯ ಭಾಷೆ ಬೇರೆ. ನಿಜಾಮರ ಸೀಮೆಯಲ್ಲಿ ನಾಣ್ಯವೂ ಬೇರೆ. ನೆಲದ ಮೇಲೆ ಗಂಗಾವತಿಯ ರೈತ ಹೊಳೆ ದಾಟಿ ಕಂಪ್ಲಿಗೆ ಬಂದರೆ ಬೇರೆ ಸರ್ಕಾರಕ್ಕೆ ಬಂದಂತೆ. ಮೇಲಿನಿಂದ ನೋಡಿದವನಿಗೆ ಎರಡೂ ದಡದ ಗದ್ದೆ ಒಂದೇ ಹಸಿರು. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದವು. 1956ರ ನವೆಂಬರ್ 1ರಂದು ವಿಜಾಪುರ, ರಾಯಚೂರುಗಳೂ ಕೂಡಿಕೊಂಡವು. ಜತ್ತ ಮಾತ್ರ ಈಚೆಗೇ ಉಳಿಯಿತು. ಏಕೀಕರಣಕ್ಕಾಗಿ ಹೋರಾಡಿದವರು ಭಾಷಣಗಳಲ್ಲಿ ವಿವರಿಸುತ್ತಿದ್ದ ಸಂಗತಿಯನ್ನು ಈ ಒಂದು ಗೆರೆ ಮೂರೇ ಗಂಟೆಯಲ್ಲಿ ತೋರಿಸಿಕೊಡುತ್ತದೆ.

ಬಳ್ಳಾರಿ ಬಿಟ್ಟುಹೋದದ್ದು

ಇಷ್ಟು ಅನುಕೂಲವಿದ್ದ ಬಳ್ಳಾರಿ ಮುಂದೆ ದೊಡ್ಡ ನಿಲ್ದಾಣವಾಗಬೇಕಿತ್ತಲ್ಲವೇ? ಆಗಲಿಲ್ಲ. 1930ರ ದಶಕ ಮುಗಿಯುವಷ್ಟರಲ್ಲಿ ಟಾಟಾ ವಿಮಾನಗಳ ಮುಂಬಯಿ–ಮದರಾಸು ಮಾರ್ಗ ಹೈದರಾಬಾದಿನ ಮೇಲೆ ಹೋಗುತ್ತಿತ್ತು. 1938ರಲ್ಲಿ ಅದು ಕೊಲಂಬೊವರೆಗೂ ಬೆಳೆಯಿತು. ವೇಳಾಪಟ್ಟಿಯಲ್ಲಿ ಬಳ್ಳಾರಿಯ ಹೆಸರಿಲ್ಲ.

ಹೈದರಾಬಾದಿನ ದಾರಿ ಹತ್ತಿರದ್ದೇ? ಖಂಡಿತ ಅಲ್ಲ. ಜುಹುವಿನಿಂದ ಹೈದರಾಬಾದು ಸುಮಾರು 623 ಕಿ.ಮೀ., ಅಲ್ಲಿಂದ ಮದರಾಸು ಸುಮಾರು 527 ಕಿ.ಮೀ. ಒಟ್ಟು 1,150. ಬಳ್ಳಾರಿಯ ದಾರಿಗಿಂತ ನೂರು ಕಿಲೋಮೀಟರಿಗೂ ಹೆಚ್ಚಿನ ಸುತ್ತು. ಆದರೂ ಮಾರ್ಗ ಅತ್ತ ತಿರುಗಿತು. ಕಾರಣ ಸರಳ. ವಿಮಾನಗಳು ದೊಡ್ಡವಾದವು, ಎಂಜಿನುಗಳು ಬಲವಾದವು. ಮೊದಲು ಮೂಟೆಯ ಮೇಲೆ ಕುಳಿತು ಹೋಗುತ್ತಿದ್ದ ಒಬ್ಬಿಬ್ಬರು ಪ್ರಯಾಣಿಕರ ಸ್ಥಾನದಲ್ಲಿ ಟಿಕೀಟಿನ ಗಿರಾಕಿಗಳು ಬಂದರು. ನಿಜಾಮರ ರಾಜಧಾನಿಯಲ್ಲಿ ಹಣವಂತರಿದ್ದರು, ಅಧಿಕಾರಿಗಳಿದ್ದರು, ಟಪಾಲಿತ್ತು. ಬಳ್ಳಾರಿಯಲ್ಲಿ ಇದ್ದದ್ದು ಇಳಿಯುವ ಅನುಕೂಲ ಮಾತ್ರ. ವಿಮಾನ ದುರ್ಬಲವಾಗಿದ್ದಾಗ ಅದಕ್ಕೆ ಬಳ್ಳಾರಿ ಬೇಕಿತ್ತು. ವಿಮಾನ ಬಲವಾದಾಗ ಬಳ್ಳಾರಿ ಬೇಡವಾಯಿತು.

ವಿಮಾನದ ವೇಗ ಹೆಚ್ಚಿದಂತೆ ಎಲ್ಲ ಊರುಗಳೂ ಹತ್ತಿರವಾಗುತ್ತವೆ ಎಂದು ನಾವು ನಂಬಿರುತ್ತೇವೆ. ದೊಡ್ಡ ಊರುಗಳ ಮಟ್ಟಿಗೆ ಅದು ನಿಜ. ನಡುವಿನ ಸಣ್ಣ ಊರಿಗೆ ಅದೇ ವೇಗ ಶಾಪವಾಗಬಹುದು. ಬಳ್ಳಾರಿ ಇದ್ದಲ್ಲಿಯೇ ಇತ್ತು, ಒಂದು ಗೇಣೂ ಸರಿಯಲಿಲ್ಲ. ಆದರೂ ಮೂರು ಗಂಟೆಯ ಊರು ಮತ್ತೆ ಮೀಟರ್ ಗೇಜಿನ ಊರಾಯಿತು.

ಈ ಸಾಹಸವನ್ನು ಆರಂಭಿಸಿದ ವಿನ್ಸೆಂಟ್ 1942ರ ಜನವರಿಯಲ್ಲಿ ಇಂಗ್ಲೆಂಡಿಗೆ ವಿಮಾನದಲ್ಲಿ ಹೋಗುತ್ತಿದ್ದಾಗ ಯುದ್ಧಕ್ಕೆ ಬಲಿಯಾದನು. ಕಂಪನಿ 1946ರಲ್ಲಿ ಏರ್ ಇಂಡಿಯಾ ಆಯಿತು, 1953ರಲ್ಲಿ ರಾಷ್ಟ್ರೀಕರಣವಾಯಿತು, 2022ರ ಜನವರಿಯಲ್ಲಿ ಮತ್ತೆ ಟಾಟಾ ಸಂಸ್ಥೆಯ ಕೈಸೇರಿತು. ಮೊದಲ ಹಾರಾಟದ ಐವತ್ತನೆಯ ವರ್ಷ, 1982ರ ಅಕ್ಟೋಬರ್ 15ರಂದು ಎಪ್ಪತ್ತೆಂಟರ ವಯಸ್ಸಿನ ಜೆ. ಆರ್. ಡಿ. ಟಾಟಾ ಹಳೆಯ ಲೆಪರ್ಡ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಜುಹುವಿಗೆ ಮತ್ತೊಮ್ಮೆ ಹಾರಿ ಬಂದರು. ಆ ಸ್ಮರಣೆಯ ಹಾರಾಟವೂ ಜುಹುವಿನಲ್ಲೇ ನಿಂತಿತು.

ಇಂದಿನ ಮಾತು

ಇಂದು ಪುಣೆಯಿಂದ ಬಳ್ಳಾರಿಗೆ ನೇರ ವಿಮಾನವಿಲ್ಲ. ಹಾರಿಯೇ ಹೋಗಬೇಕೆನ್ನುವವರು ಬೆಂಗಳೂರು, ಹೈದರಾಬಾದು ಇಲ್ಲವೆ ಹುಬ್ಬಳ್ಳಿಯಲ್ಲಿ ಇಳಿದು ಉಳಿದ ದಾರಿಗೆ ಬೇರೆ ಏರ್ಪಾಡು ಮಾಡಿಕೊಳ್ಳಬೇಕು. 2017ರಲ್ಲಿ ಉಡಾನ್ ಯೋಜನೆಯ ಅಡಿಯಲ್ಲಿ ಬಳ್ಳಾರಿಯ ಹತ್ತಿರದ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣಕ್ಕೆ ಹೈದರಾಬಾದಿನಿಂದ ವಿಮಾನ ಬಂದಿತು. ಅದರ ಹಿಂದಿದ್ದದ್ದು ಉಕ್ಕಿನ ಕಾರ್ಖಾನೆ. ಊರಿಗೆ ವಿಮಾನ ಬರಬೇಕಾದರೆ ಊರಿನಲ್ಲಿಯೇ ಏನಾದರೂ ಇರಬೇಕೆಂಬ ಹಳೆಯ ನಿಯಮ ಇಲ್ಲಿಯೂ ಸುಳ್ಳಾಗಲಿಲ್ಲ.

ಹಾಗಾದರೆ ಸಣ್ಣ ಊರಿಗೊಂದು ವಿಮಾನ ನಿಲ್ದಾಣ ಕಟ್ಟಿದರೆ ಆ ಊರುಗಳು ತಮ್ಮತಮ್ಮಲ್ಲಿ ಹತ್ತಿರವಾಗುತ್ತವೆಯೇ? ನಮ್ಮ ಕಲ್ಯಾಣ ಕರ್ನಾಟಕದಲ್ಲೇ ಉತ್ತರವಿದೆ. ಕಲಬುರಗಿಯ ನಿಲ್ದಾಣ 2019ರ ನವೆಂಬರಿನಲ್ಲಿ, ಬೀದರಿನದು 2020ರ ಫೆಬ್ರವರಿಯಲ್ಲಿ ತೆರೆಯಿತು. ಇವೆರಡರ ನಡುವೆ ಗೆರೆ ಎಳೆದರೆ ತೊಂಬತ್ತು ಕಿ.ಮೀ. ಕೂಡ ಇಲ್ಲ. ಎರಡಕ್ಕೂ ಬೆಂಗಳೂರಿನಿಂದ ವಿಮಾನ ಬಂದಿತು. ಪರಸ್ಪರ ಹಾರಿಸುವುದರಲ್ಲಿ ಅರ್ಥವಿರಲಿಲ್ಲ. ಬೀದರಿನವನಿಗೆ ಕಲಬುರಗಿಯನ್ನು ಹತ್ತಿರ ಮಾಡಿದ್ದು 2017ರ ಅಕ್ಟೋಬರಿನಲ್ಲಿ ಪೂರ್ಣಗೊಂಡ ರೈಲು ಮಾರ್ಗ. ರಾಜಧಾನಿಗೆ ಹತ್ತಿರವಾಗುವುದು ಒಂದು, ನೆರೆಯ ಊರಿಗೆ ಹತ್ತಿರವಾಗುವುದು ಇನ್ನೊಂದು. ಮೊದಲನೆಯದಕ್ಕೆ ಸಮಾರಂಭ ನಡೆಯುತ್ತದೆ. ಎರಡನೆಯದು ದಿನದಿನದ ಬಾಳಿಗೆ ಬೇಕಾದದ್ದು.

ಹೊರನಾಡಿನಲ್ಲಿ ನೆಲೆಸಿದ ನಮಗೆ ಈ ಭೇದ ಚೆನ್ನಾಗಿ ಗೊತ್ತು. ಪುಣೆಯಿಂದ ಬೆಂಗಳೂರಿಗೆ ಒಂದೂವರೆ ಗಂಟೆಯಲ್ಲಿ ಹಾರಿ ಹೋಗುವವರು ಜತ್ತದ ಹಳ್ಳಿಯಲ್ಲಿರುವ ಅಕ್ಕನ ಮನೆಗೆ ಅರ್ಧ ದಿನ ಮೀಸಲಿಡುತ್ತಾರೆ. ಆದ್ದರಿಂದ ಊರು ಎಷ್ಟು ದೂರವೆಂದು ಮಕ್ಕಳು ಕೇಳಿದಾಗ ಬರಿಯ ಕಿಲೋಮೀಟರು ಹೇಳಿ ಸುಮ್ಮನಾಗದೆ, ದಾರಿಯಲ್ಲಿ ಯಾವ ಘಟ್ಟವಿದೆ, ಯಾವ ಹೊಳೆಯಿದೆ, ಎಲ್ಲಿ ಗಾಡಿ ಬದಲಿಸಬೇಕು, ಮೊದಲು ಎಷ್ಟು ಹೊತ್ತು ಹಿಡಿಯುತ್ತಿತ್ತು ಎಂಬುದನ್ನೂ ಹೇಳೋಣ. ನಕ್ಷೆಯ ಮೇಲೆ ಯರವಡಾದಿಂದ ಬಳ್ಳಾರಿಗೆ ಒಂದು ಗೆರೆ ಎಳೆಸೋಣ. ಅದು 493 ಕಿಲೋಮೀಟರು. ತೊಂಬತ್ತು ವರ್ಷಗಳ ಹಿಂದೆ ಮೂರು ಗಂಟೆ.